ಮುಟ್ಟಿನ ನೋವಿಗೆ ಶಾಖ, ಶುಂಠಿ, ರಾಗಿ: ಎಷ್ಟು ಮತ್ತು ಯಾವಾಗ

ಮುಟ್ಟಿನ ಹೊಟ್ಟೆನೋವಿಗೆ ಮನೆಮದ್ದಿನಿಂದ ಏನೂ ಗುಣವಾಗಲಿಲ್ಲ ಎನ್ನುವವರಲ್ಲಿ ಬಹಳಷ್ಟು ಮಂದಿ ಅದನ್ನು ತೆಗೆದುಕೊಂಡಿರುವುದು ತಡವಾಗಿ. ಬೆಳಿಗ್ಗೆಯಿಂದ ಹಲ್ಲುಕಚ್ಚಿ ತಡೆದುಕೊಂಡು, ಮಧ್ಯಾಹ್ನ ಇನ್ನಾಗದು ಅನ್ನಿಸಿದಾಗ ಒಂದು ಲೋಟ ಶುಂಠಿ ಕಷಾಯ ಕುಡಿದರೆ ಅದು ಗಂಟಲು ಬೆಚ್ಚಗೆ ಮಾಡುತ್ತದೆ, ಅಷ್ಟೇ. ಕಾರಣ ಗರ್ಭಕೋಶದಲ್ಲಿದೆ. ಒಳಪದರ ಕಳಚುವ ಹೊತ್ತಿಗೆ ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡಿಸುತ್ತದೆ, ಹಿಂಡಿದಾಗ ರಕ್ತನಾಳಗಳೂ ಬಿಗಿದು ನೋವು ಹುಟ್ಟುತ್ತದೆ. ಅದೇ ರಾಸಾಯನಿಕ ಕರುಳಿಗೂ ತಾಗುವುದರಿಂದ ಕೆಲವರಿಗೆ ಭೇದಿ, ವಾಕರಿಕೆ, ತಲೆನೋವು ಜೊತೆಗೇ ಬರುತ್ತವೆ. ಮೊದಲ ಎರಡು ದಿನ ಇದರ ಜೋರು. ಒಮ್ಮೆ ತಯಾರಾದ ಮೇಲೆ ಓಡಿಸುವುದು ಕಷ್ಟ, ತಯಾರಾಗುವಾಗಲೇ ತಡೆಯುವುದು ಸುಲಭ.

ಮುಟ್ಟಿಗೆ ಮುಂಚಿನ ತೊಂದರೆಗಳ ಕಥೆ ಬೇರೆ. ಎದೆ ಭಾರ, ಹೊಟ್ಟೆ ಉಬ್ಬರ, ಸಿಡುಕು, ಸುಮ್ಮಸುಮ್ಮನೆ ಅಳು, ನಿದ್ದೆಗೇಡು, ಸಿಹಿ ಬೇಕೆನ್ನುವ ಬಯಕೆ ಇವೆಲ್ಲ ಅಂಡ ಬಿಡುಗಡೆಯಾದ ಮೇಲೆ ಹಾರ್ಮೋನುಗಳ ಏರಿಳಿತಕ್ಕೆ ಮೈ ಮತ್ತು ಮಿದುಳು ತೋರುವ ಪ್ರತಿಕ್ರಿಯೆ. ಇವಕ್ಕೆ ಶುಂಠಿಯಿಂದ ದೊಡ್ಡ ಉಪಯೋಗವಿಲ್ಲ. ತಿಂಗಳಿಡೀ ತಿನ್ನುವ ಊಟ, ನಡಿಗೆ, ನಿದ್ದೆಗಳೇ ಇಲ್ಲಿ ಮದ್ದು, ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಎರಡನ್ನೂ ಒಂದೇ ಕಷಾಯದಲ್ಲಿ ಮುಗಿಸಲು ಹೋದರೆ ಎರಡೂ ಹೋಗುವುದಿಲ್ಲ.

ಮೊದಲ ಕೆಲಸ ಗೋಡೆ ಕ್ಯಾಲೆಂಡರಿನಲ್ಲಿ

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು. ಮುಟ್ಟಾದ ಮೊದಲ ದಿನಕ್ಕೆ ಸುತ್ತು ಹಾಕಿ. ಪ್ರತಿ ರಾತ್ರಿ ಎರಡೇ ಅಂಕಿ ಬರೆಯಿರಿ: ನೋವು 10ಕ್ಕೆ ಎಷ್ಟು, ಮನಸ್ಸಿನ ಕಿರಿಕಿರಿ 10ಕ್ಕೆ ಎಷ್ಟು. ಎಷ್ಟು ಪ್ಯಾಡ್ ಬದಲಿಸಿದಿರಿ ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿ. ಮನೆಯಲ್ಲಿ ಎಲ್ಲರಿಗೂ ಕಾಣುವುದು ಬೇಡ ಎನ್ನುವವರು ಮೊಬೈಲಿನಲ್ಲಿ ಬರೆದುಕೊಳ್ಳಲಿ.

ಎರಡು ತಿಂಗಳು ಬರೆದ ಮೇಲೆ ನೋಡಿ. ಕಿರಿಕಿರಿ ಮುಟ್ಟಿಗೆ ಮೊದಲಿನ ಒಂದು ವಾರದಲ್ಲಿ ಏರಿ, ಮುಟ್ಟಾದ ಮೂರು ನಾಲ್ಕು ದಿನದೊಳಗೆ ಇಳಿದು, ಮುಂದಿನ ವಾರ ಪೂರ್ತಿ ಇಲ್ಲವಾದರೆ ಅದು ಮುಟ್ಟಿನ ಪೂರ್ವದ ತೊಂದರೆ. ತಿಂಗಳಿಡೀ ಒಂದೇ ಸಮ ಇದ್ದರೆ ಕಾರಣ ಬೇರೆ ಇದೆ: ರಕ್ತಹೀನತೆ, ಥೈರಾಯ್ಡ್, ಮನೆಯ ಅಥವಾ ಕೆಲಸದ ಒತ್ತಡ, ಖಿನ್ನತೆ. ಅದಕ್ಕೆ ಮುಟ್ಟಿನ ಮದ್ದು ಮಾಡುತ್ತಾ ಕೂತರೆ ಕಾಲಹರಣ.

ಇದೇ ಕ್ಯಾಲೆಂಡರ್ ಮದ್ದು ಶುರು ಮಾಡುವ ದಿನವನ್ನೂ ಹೇಳುತ್ತದೆ. ದಿನ ಲೆಕ್ಕ ತಪ್ಪದವರು ಮುಟ್ಟಿನ ಹಿಂದಿನ ದಿನವೇ ಶುಂಠಿ ಶುರು ಮಾಡಬಹುದು. ಹಿಂದೆ ಮುಂದೆ ಆಗುವವರು ಸೊಂಟ ಹಿಡಿದ ಹಾಗೆ, ತೊಡೆ ಜಗ್ಗಿದ ಹಾಗೆ ಆಗುವ ಮೊದಲ ಸೂಚನೆಗೇ ಶುರು ಮಾಡಲಿ.

ಶಾಖ

ಮನೆಯಲ್ಲಿ ಮಾಡಬಹುದಾದದ್ದರಲ್ಲಿ ಮೊದಲ ಸ್ಥಾನ ಇದಕ್ಕೇ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖವನ್ನು ಕಿಬ್ಬೊಟ್ಟೆಗೆ ಬಿಡದೆ ಕೊಟ್ಟರೆ ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ಇಳಿದಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ಬಿಸಿಗೆ ಸ್ನಾಯು ಸಡಿಲವಾಗಿ ರಕ್ತ ಸಂಚಾರ ಹೆಚ್ಚುತ್ತದೆ. ಬೇಕಿರುವುದು ಬೆಚ್ಚಗಿನ ಶಾಖ, ಹೆಚ್ಚು ಹೊತ್ತು. ಸುಡುವ ಶಾಖ ಐದು ನಿಮಿಷ ಕೊಟ್ಟರೆ ಚರ್ಮ ಕೆಂಪಾಗುತ್ತದೆ, ಒಳಗೇನೂ ಇಳಿಯುವುದಿಲ್ಲ.

ಬಿಸಿನೀರಿನ ಚೀಲ ಇದ್ದರೆ ಕುದಿಯುವ ನೀರು ಹುಯ್ಯಬೇಡಿ. ಕುದಿಸಿ ಇಳಿಸಿ, ಮೂರು ಪಾಲಿಗೆ ಒಂದು ಪಾಲು ತಣ್ಣೀರು ಬೆರೆಸಿ, ಚೀಲದ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಚೀಲವನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು ಬಿರಡೆ ಹಾಕಿ; ಗಾಳಿ ಉಳಿದರೆ ಚೀಲ ಉಬ್ಬಿ ಹೊಟ್ಟೆಗೆ ಹೊಂದಿ ಕೂರುವುದಿಲ್ಲ. ತಲೆಕೆಳಗು ಮಾಡಿ ಸೋರಿಕೆ ನೋಡಿ, ಟವೆಲ್ ಸುತ್ತಿ. ಅದರ ಮೇಲೆ ಮಲಗಬಾರದು, ಭಾರಕ್ಕೆ ಒಡೆಯುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೆ, ಅಥವಾ ತಂದು ಎರಡು ವರ್ಷ ದಾಟಿದ್ದರೆ, ಹೊಸದು ತನ್ನಿ. ಕರೆಂಟಿನ ಜೆಲ್ ಚೀಲವನ್ನು ಚಾರ್ಜಿಗೆ ಹಾಕಿಕೊಂಡೇ ಹೊಟ್ಟೆಯ ಮೇಲಿಡುವುದು ಅಪಾಯ.

ಚೀಲ ಇಲ್ಲದಿದ್ದರೆ ರಾಗಿ ಗಂಟು. ಕಲ್ಲುಪ್ಪಿನ ಗಂಟು ಹಳೆಯ ರೂಢಿ, ಆದರೆ ಉಪ್ಪು ಬಾಣಲೆಯಲ್ಲಿ ಸಿಡಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದಿದ್ದರೆ ಆವಿ ಬಂದು ಸುಡುತ್ತದೆ. ರಾಗಿ ಕಾಳು ಸಣ್ಣದು, ಹೊಟ್ಟೆಯ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ಮಾಡುವ ಕ್ರಮ ಇದು. 400 ಗ್ರಾಂ ಒಣ ರಾಗಿಯನ್ನು ಕಬ್ಬಿಣದ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಹುರಿದ ವಾಸನೆ ಬರುವ ಮೊದಲೇ ಇಳಿಸಬೇಕು. ಕಾಳು ಅರಳಲು ಶುರುವಾದರೆ ಬಿಸಿ ಮೀರಿದೆ ಎಂದರ್ಥ, ತಟ್ಟೆಗೆ ಹರಡಿ ಆರಿಸಿ. ಹಳೆಯ ಹತ್ತಿ ಪಂಚೆಯನ್ನು ಎರಡು ಪದರ ಮಾಡಿ, ಕಾಳು ಸುರಿದು, ಸಡಿಲವಾಗಿ ಗಂಟು ಕಟ್ಟಿ. ಬಿಗಿ ಕಟ್ಟಿದರೆ ಕಲ್ಲಿನ ಹಾಗಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕೂಡದು, ಕರಗುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ಹತ್ತು ಎಣಿಸುವವರೆಗೆ ಆರಾಮಾಗಿ ತಡೆದುಕೊಳ್ಳುವಂತಿದ್ದರೆ ಮಾತ್ರ ಹೊಟ್ಟೆಗೆ.

ಹೊಕ್ಕುಳ ಕೆಳಗೆ 15ರಿಂದ 20 ನಿಮಿಷ, ಆಮೇಲೆ ಮಗ್ಗುಲಾಗಿ ಸೊಂಟಕ್ಕೆ ಅಷ್ಟೇ ಹೊತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಬಹುದು. ಕಾಳು ಕಪ್ಪಗಾಗುವವರೆಗೆ ಅದೇ ರಾಗಿ ನಡೆಯುತ್ತದೆ, ಆಮೇಲೆ ಕೋಳಿಗೆ ಹಾಕಿ. ಗಂಟಿನೊಳಗೆ ಒಂದು ಹಿಡಿ ಲಕ್ಕಿ ಸೊಪ್ಪನ್ನು ಬಾಡಿಸಿ ಸೇರಿಸುವವರಿದ್ದಾರೆ. ಘಮ ಹಿತ, ಹೊರಗಿನ ಬಳಕೆಗೆ ತೊಂದರೆಯಿಲ್ಲ. ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ಹರಳೆಲೆಯೂ ಸರಿಯೇ. ಎಕ್ಕದ ಎಲೆ ಮಾತ್ರ ಬೇಡ. ಅದರ ಹಾಲು ಚರ್ಮ ಕೆರೆಸುತ್ತದೆ, ಕೈಯಿಂದ ಕಣ್ಣಿಗೆ ತಾಗಿದರೆ ಆಸ್ಪತ್ರೆಗೇ ಓಡಬೇಕು.

ಒಂದು ಎಚ್ಚರಿಕೆ. ತಿಂಗಳು ತಿಂಗಳೂ ತೀರಾ ಬಿಸಿ ಇಟ್ಟುಕೊಂಡರೆ ಹೊಟ್ಟೆಯ ಮೇಲೆ ಬಲೆಯಂಥ ಕಂದು ಗೆರೆ ಮೂಡುತ್ತದೆ. ಕಂಡ ಕೂಡಲೇ ಬಿಸಿ ಇಳಿಸಿ, ಇಲ್ಲದಿದ್ದರೆ ಆ ಗುರುತು ಉಳಿದುಬಿಡಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂಕಾದವರು ಬಿಸಿಯನ್ನು ಬೇರೆಯವರ ಕೈಯಲ್ಲಿ ನೋಡಿಸಲಿ.

ಒಲೆ ಸಿಗದವರು ಬಹಳ ಮಂದಿ. ನರಸಾಪುರ, ವಸಂತನರಸಾಪುರದ ಕಾರ್ಖಾನೆಗಳ ಪಾಳಿಯಲ್ಲಿರುವವರು, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಘಟಕದಲ್ಲಿ ನಿಂತು ದುಡಿಯುವವರು, ಹಾಸ್ಟೆಲಿನ ಹುಡುಗಿಯರು. ಇವರಿಗೆ ಒಂದು ಪದರದ ಅರ್ಧ ಲೀಟರ್ ಸ್ಟೀಲ್ ಬಾಟಲಿ ಸಾಕು. ಕ್ಯಾಂಟೀನಿನ ಬಿಸಿನೀರು ತುಂಬಿ, ಕರವಸ್ತ್ರ ಸುತ್ತಿ, ಸೀರೆಯ ಅಥವಾ ಚೂಡಿದಾರದ ಮೇಲಿಂದ ಒತ್ತಿಟ್ಟುಕೊಳ್ಳಿ. ಬಿಸಿ ಉಳಿಸುವ ಎರಡು ಗೋಡೆಯ ಬಾಟಲಿ ಇದಕ್ಕೆ ಬರುವುದಿಲ್ಲ, ಅದರ ಶಾಖ ಹೊರಗೆ ಬರದು. ಮೆಡಿಕಲ್ ಅಂಗಡಿಯ ಅಂಟಿಸುವ ಶಾಖದ ಪಟ್ಟಿಯೂ ಕೆಲಸಕ್ಕೆ ಬರುತ್ತದೆ; ಒಳಉಡುಪಿನ ಹೊರಗೆ ಅಂಟಿಸಬೇಕು, ಮೈಗಲ್ಲ. ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿದೆ. ನಿಮ್ಮಲ್ಲಿ ಅದು ಹೇಗೆ ಜಾರಿಯಲ್ಲಿದೆ ಎಂದು ಕೇಳಿ ಇಟ್ಟುಕೊಳ್ಳಿ.

ಮುಟ್ಟಾದವರನ್ನು ಹೊರಗೆ ಕೂರಿಸುವ ಪದ್ಧತಿ ತುಮಕೂರು ಕಡೆಯ ಕೆಲವು ಹಟ್ಟಿಗಳಲ್ಲಿ ಇನ್ನೂ ಉಳಿದಿದೆ. ವಿಶ್ರಾಂತಿ ಸಿಗಲಿ ಎಂದೇ ಹೀಗೆ ಮಾಡಿದ್ದು ಎಂದು ಸಮರ್ಥಿಸುವವರಿದ್ದಾರೆ. ತಣ್ಣನೆ ನೆಲ, ಒಂಟಿತನ, ಒಲೆಗೆ ದೂರ ಇದ್ದಲ್ಲಿ ವಿಶ್ರಾಂತಿ ಎಲ್ಲಿಂದ ಬರಬೇಕು? ನೋವಿಗೆ ಬೇಕಾದ ಮೊದಲ ಮದ್ದನ್ನೇ ಅದು ಕಿತ್ತುಕೊಳ್ಳುತ್ತದೆ.

ಶುಂಠಿ

ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಗ್ಗಿಸುವ ಗುಣ ಶುಂಠಿಗಿದೆ. ಮುಟ್ಟಿನ ನೋವಿನ ಪರೀಕ್ಷೆಗಳಲ್ಲಿ ಹೆಚ್ಚಾಗಿ ಬಳಸಿದ್ದು ದಿನಕ್ಕೆ 750ರಿಂದ 2000 ಮಿಲಿಗ್ರಾಂ ಒಣಶುಂಠಿ ಪುಡಿ, ಮೊದಲ ಮೂರು ನಾಲ್ಕು ದಿನ. ಇಲ್ಲೊಂದು ಸೂಕ್ಷ್ಮವಿದೆ: ಅವರು ಕೊಟ್ಟಿದ್ದು ಪುಡಿಯನ್ನೇ, ಸೋಸಿದ ಕಷಾಯವನ್ನಲ್ಲ. ನಾವು ಕುದಿಸಿ, ಸೋಸಿ, ಚರಟ ಚೆಲ್ಲಿದರೆ ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವೇ ಸಿಗುವುದಿಲ್ಲ. ಹಾಗಾಗಿ ಮದ್ದಿನ ಲೆಕ್ಕಕ್ಕೆ ಪುಡಿ, ಹಿತಕ್ಕೆ ಕಷಾಯ.

ಸಮತಟ್ಟಾಗಿ ಅಳೆದ ಕಾಲು ಟೀ ಚಮಚ ಪುಡಿ ಸುಮಾರು ಅರ್ಧ ಗ್ರಾಂ. ದಿನಕ್ಕೆ ಮೂರು ಸಲವೆಂದರೆ ಒಂದೂವರೆ ಗ್ರಾಂ. ನಾಲ್ಕು ದಿನಕ್ಕೆ ಹನ್ನೆರಡು ಉಂಡೆ ಮುಂಚೆಯೇ ಮಾಡಿಟ್ಟುಕೊಂಡರೆ ನೋವಿನ ದಿನ ಅಡುಗೆಮನೆಗೆ ಹೋಗುವ ಕೆಲಸವಿಲ್ಲ. ಒಣಶುಂಠಿಯ ಬೇರನ್ನೇ ತಂದು, ಜಜ್ಜಿ, ಪುಡಿ ಮಾಡಿ, ನಾರು ಜರಡಿ ಹಿಡಿಯಿರಿ. ಮೂರು ಟೀ ಚಮಚ ಪುಡಿ, 60 ಗ್ರಾಂ ಪುಡಿಬೆಲ್ಲ, ಒಂದು ಚಮಚ ತುಪ್ಪ ಚೆನ್ನಾಗಿ ನಾದಿ, ಸಮನಾಗಿ ಹನ್ನೆರಡು ಉಂಡೆ ಕಟ್ಟಿ, ಒಣ ಸ್ಟೀಲ್ ಡಬ್ಬಿಯಲ್ಲಿಡಿ. ಊಟ ತಿಂಡಿಯ ನಂತರ ಒಂದೊಂದು, ಮೇಲೆ ಬಿಸಿನೀರು. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಬಿಟ್ಟು ಪುಡಿಯನ್ನು ಬಿಸಿನೀರಿಗೆ ಕದಡಿ ಕುಡಿಯಲಿ.

ಖಾಲಿ ಹೊಟ್ಟೆಗೆ ತಿಂದರೆ ಎದೆಯುರಿ ಖಂಡಿತ. ಹೆಚ್ಚು ತಿಂದರೆ ಹೆಚ್ಚು ಗುಣ ಎಂದುಕೊಂಡು ಚಮಚಗಟ್ಟಲೆ ನುಂಗಿದರೂ ಅದೇ ಗತಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಪಿತ್ತಕೋಶದ ಕಲ್ಲಿರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಕಷಾಯಕ್ಕೆ: ಒಂದೂವರೆ ಲೋಟ ನೀರಿಗೆ ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಜಜ್ಜಿದ ಅರ್ಧ ಇಂಚು ಹಸಿಶುಂಠಿ. ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ. ಬೆಲ್ಲವನ್ನು ಒಲೆಯಿಂದ ಕೆಳಗಿಟ್ಟ ಮೇಲೆ ಹಾಕಿ, ಹಾಲನ್ನು ಕೊನೆಗೆ. ಬೆಲ್ಲ ಹಾಲು ಒಟ್ಟಿಗೆ ಕುದಿದರೆ ಒಡೆಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಕಷಾಯಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಓಮ, ಸೋಂಪು, ಸಬ್ಬಸಿಗೆ ಬೀಜ, ಮೆಂತ್ಯಕ್ಕೂ ಹೆಸರಿದೆ. ಸಣ್ಣ ಪರೀಕ್ಷೆಗಳು ಇವುಗಳ ಪರವಾಗಿವೆಯಾದರೂ ಶುಂಠಿ, ಶಾಖದಷ್ಟು ಭರವಸೆ ಇಡುವಂತಿಲ್ಲ. ಹೊಟ್ಟೆ ಉಬ್ಬರ, ಗಾಳಿ ಹೆಚ್ಚಿದ್ದರೆ ಅರ್ಧ ಚಮಚ ಓಮ ಅಗಿದು ಬಿಸಿನೀರು ಕುಡಿಯುವುದು ಹಿತ. ಸಕ್ಕರೆ ಮಾತ್ರೆಯ ಜೊತೆ ಹೆಚ್ಚು ಮೆಂತ್ಯ ತಿಂದರೆ ಸಕ್ಕರೆ ತೀರಾ ಇಳಿಯಬಹುದು.

ಮುಟ್ಟಿಗೆ ಮುಂಚಿನ ಎರಡು ವಾರದ ತಟ್ಟೆ

ಸಿಡುಕು, ಎದೆಭಾರ, ಉಬ್ಬರಕ್ಕೆ ಇದ್ದುದರಲ್ಲಿ ಗಟ್ಟಿ ಆಧಾರವಿರುವುದು ಸುಣ್ಣದಂಶಕ್ಕೆ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟ 1998ರ ದೊಡ್ಡ ಅಮೆರಿಕನ್ ಪರೀಕ್ಷೆಯಲ್ಲಿ ಮೂರನೇ ಮುಟ್ಟಿನ ಹೊತ್ತಿಗೆ ತೊಂದರೆಗಳು ಸುಮಾರು ಅರ್ಧಕ್ಕೆ ಇಳಿದವು. ಹೋಲಿಕೆಗೆಂದು ಕೊಟ್ಟ, ಮದ್ದಿಲ್ಲದ ಸುಳ್ಳುಮಾತ್ರೆ ತಿಂದವರಲ್ಲೂ ಶೇ 30ರಷ್ಟು ಇಳಿದಿತ್ತು ಎಂಬುದನ್ನೂ ಹೇಳಬೇಕು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳ ಊಟದಲ್ಲಿ ಇದಕ್ಕೆ ದಾರಿಯಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ದಿನಕ್ಕೆ 150 ಗ್ರಾಂ ಹಿಟ್ಟಿನ ಎರಡು ಮುದ್ದೆಯಿಂದ 500ರ ಆಸುಪಾಸು. ಹಾಲು ಮೊಸರು ಸೇರಿ 400 ಮಿಲಿಲೀಟರ್ ಇದ್ದರೆ ಇನ್ನೊಂದು 480. ಸಿಪ್ಪೆ ತೆಗೆಯದ 10 ಗ್ರಾಂ ಎಳ್ಳಿನಿಂದ 100ಕ್ಕೂ ಮೇಲೆ. ಬಸ್ಸಾರಿಗೋ ಮಸ್ಸೊಪ್ಪಿಗೋ ಒಂದು ಹಿಡಿ ನುಗ್ಗೆಸೊಪ್ಪು ಬಿದ್ದರೆ ಲೆಕ್ಕ ಮುಟ್ಟುತ್ತದೆ. ರಾಗಿಯ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ. ಅದರಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿ ಹುಳಿ ಬರಿಸಿದರೆ ಆ ಹಿಡಿತ ಸಡಿಲುತ್ತದೆ. ರಾಗಿಯನ್ನು 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಟ್ಟು, ನೆರಳಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಮಿಲ್ಲಿಗೆ ಕೊಡಿ. ಒಣಗಿಸುವುದರಲ್ಲಿ ಅವಸರ ಮಾಡಿದರೆ ಹಿಟ್ಟು ವಾರದೊಳಗೆ ಮುಗ್ಗುತ್ತದೆ.

ಎಳ್ಳಿಗೆ ಚಿಗಳಿಯೇ ಒಳ್ಳೆಯದು, ಪಾಕದ ಗೋಜಿಲ್ಲ. 100 ಗ್ರಾಂ ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು ಆರಿಸಿ, 80 ಗ್ರಾಂ ಬೆಲ್ಲ, ಎರಡು ಚಮಚ ತುರಿದ ತಿಪಟೂರು ಕೊಬ್ಬರಿ, ಏಲಕ್ಕಿ ಸೇರಿಸಿ ಕುಟ್ಟಿ. ಎಳ್ಳಿನ ಎಣ್ಣೆಯೇ ಅಂಟು. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಹತ್ತು ಉಂಡೆ ಮಾಡಿ ದಿನಕ್ಕೊಂದು. ಎಳ್ಳು ಉಷ್ಣ, ರಕ್ತ ಹೆಚ್ಚು ಹೋಗುತ್ತದೆ ಎಂದು ಅಜ್ಜಿ ತಡೆದರೆ ವಾದ ಬೇಡ, ಮೊಸರು ಹೆಚ್ಚಿಸಿಕೊಳ್ಳಿ.

ಕೊನೆಯ ವಾರ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಬಿಟ್ಟರೆ ಮೈ ಊದುವುದು ಕಡಿಮೆಯಾಗುತ್ತದೆ. ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ ಮೀರದಿರಲಿ. ಉಪ್ಸಾರಿನ ಊರಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ, ನಿದ್ದೆ ಕೆಟ್ಟರೆ ಸಿಡುಕು ಎರಡರಷ್ಟು. ಊಟದ ಜೊತೆ ಟೀ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಹತ್ತುವುದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಹುಡುಗಿಯರು ಬಿಸಾಡದಿರಲಿ, ಆದರೆ ಕ್ಯಾಲ್ಸಿಯಂ ಮಾತ್ರೆಯ ಜೊತೆ ಒಂದೇ ಹೊತ್ತಿಗೆ ನುಂಗಬಾರದು. ಕಿಡ್ನಿ ಕಲ್ಲು ಇದ್ದವರು ಕ್ಯಾಲ್ಸಿಯಂ ಮಾತ್ರೆಯನ್ನು ತಾವಾಗಿಯೇ ತಿನ್ನಬಾರದು.

ಮೈ ಬಳಕಿಸುವುದು

ವಾರಕ್ಕೆ ಮೂರು ದಿನ 45 ನಿಮಿಷ ಬೆವರುವಷ್ಟು ನಡೆದರೆ ಎರಡು ತಿಂಗಳಲ್ಲಿ ನೋವಿನ ಅಂಕಿ ಇಳಿಯುತ್ತದೆ. ಹೊಲದ ಕೆಲಸವಿದೆಯಲ್ಲ ಎಂದರೆ, ಬಗ್ಗಿ ಟೊಮೆಟೊ ಕೀಳುವುದು ಸೊಂಟಕ್ಕೆ ದಣಿವು, ವ್ಯಾಯಾಮವಲ್ಲ. ಮುಟ್ಟಿನ ದಿನಗಳಲ್ಲಿ ಮಾರ್ಜಾಲಾಸನ ನಿಧಾನವಾಗಿ ಎಂಟು ಹತ್ತು ಸಲ, ದಿಂಬಿನ ಮೇಲೆ ಎದೆಯಿಟ್ಟು ಶಶಾಂಕಾಸನ ಎರಡು ನಿಮಿಷ, ಬೆನ್ನ ಮೇಲೆ ಮಲಗಿ ಪಾದ ಜೋಡಿಸಿ ಮಂಡಿ ಅಗಲಿಸಿ ಐದು ನಿಮಿಷ. ಉಸಿರು ಹಿಡಿಯಬೇಡಿ.

ಕೈಹಾಕಬಾರದ ಕೆಲವು

ಅಶೋಕದ ತೊಗಟೆ ಹೆಣ್ಣುಮಕ್ಕಳ ಮದ್ದೆಂದು ಪ್ರಸಿದ್ಧ. ಆದರೆ ಶಾಲೆ, ಕಚೇರಿಗಳ ಅಂಗಳದಲ್ಲಿ ಕಂಬದಂತೆ ನೇರವಾಗಿ ನಿಲ್ಲುವ ಮರ ಅದಲ್ಲ. ಅದು ಬೇರೆಯೇ ಜಾತಿ. ಔಷಧಿಯದು ಕಿತ್ತಳೆ ಕೆಂಪು ಹೂ ಗೊಂಚಲು ಬಿಡುವ ಸೀತಾ ಅಶೋಕ, ಅಪರೂಪವಾಗಿರುವುದರಿಂದ ಕಲಬೆರಕೆಯೂ ಹೆಚ್ಚು. ಅಶೋಕಾರಿಷ್ಟ ಕುಡಿಯುವುದಿದ್ದರೆ ಆಯುರ್ವೇದ ವೈದ್ಯರು ಬರೆದುಕೊಟ್ಟ ಮೇಲೆಯೇ. ಅದರಲ್ಲಿ ಹುದುಗುವಾಗ ಹುಟ್ಟಿದ ಮದ್ಯಸಾರವೂ ಬೆಲ್ಲವೂ ಇರುತ್ತವೆ. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟದಿಂದ ತಂದದ್ದು ಎಂದು ಸಂತೆಯಲ್ಲಿ ಕೊಡುವ ಹೆಸರಿಲ್ಲದ ಬೇರನ್ನು ಬೆಟ್ಟದ ಹೆಸರಿಗೆ ಮರುಳಾಗಿ ಕುಡಿಯಬೇಡಿ.

ಇಂಟರ್ನೆಟ್ಟಿನಲ್ಲಿ ಮುಟ್ಟಿನ ಪೂರ್ವದ ತೊಂದರೆಗೆ ಹೊಗಳುವ ಚೇಸ್ಟ್‌ಬೆರಿ ನಮ್ಮ ಲಕ್ಕಿಯ ದಾಯಾದಿ, ಅದೇ ಗಿಡವಲ್ಲ. ಅದನ್ನು ಓದಿ ಬೇಲಿಯ ಲಕ್ಕಿ ಬೀಜ ಅರೆದು ಕುಡಿಯಬಾರದು.

ಹರಳೆಣ್ಣೆ ಹೊಟ್ಟೆಯ ಮೇಲೆ ಸರಿ, ಹೊಟ್ಟೆಯೊಳಗೆ ಬೇಡ. ಅದು ಕರುಳನ್ನಷ್ಟೇ ಅಲ್ಲ, ಗರ್ಭಕೋಶವನ್ನೂ ಹಿಂಡಿಸುತ್ತದೆ. ಲೋಳೆಸರದ ಹಳದಿ ಹಾಲೂ ಹೊಟ್ಟೆ ಕಿವುಚುತ್ತದೆ. ಮುಟ್ಟು ತಡವಾದರೆ ಹಸಿ ಪರಂಗಿ, ಖಾರದ ಕಷಾಯಕ್ಕೆ ಹೋಗುವ ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ.

ಮಾತ್ರೆ, ಮತ್ತು ಆಸ್ಪತ್ರೆಗೆ ಹೋಗಬೇಕಾದಾಗ

ಶಾಖ, ಶುಂಠಿ ಸಾಲದಿದ್ದರೆ ಮಾತ್ರೆ ನುಂಗುವುದು ಸೋಲಲ್ಲ. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಎರಡೂ ಪ್ರೊಸ್ಟಾಗ್ಲಾಂಡಿನ್ ತಡೆಯುತ್ತವೆ. ಪ್ರಮಾಣವನ್ನು ಒಮ್ಮೆ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಂಡು, ನೋವಿನ ಆರಂಭದಲ್ಲೇ, ಊಟದ ಮೇಲೆ, ಎರಡು ಮೂರು ದಿನ ಮಾತ್ರ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಉಬ್ಬಸ ಬರುವವರಿಗೆ ಇವು ಆಗುವುದಿಲ್ಲ. ಡೆಂಗಿ ಕಾಲದಲ್ಲಿ ಜ್ವರವೂ ಇದ್ದರೆ ಮುಟ್ಟಲೇಬೇಡಿ. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗುತ್ತದೆ ಎಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿತ್ತು. ಮಾತ್ರೆ ಶುರು ಮಾಡಿದ ದಿನಗಳಲ್ಲಿ, ಅಥವಾ ಕೆಲವು ವಾರದ ನಂತರವೂ, ಮೈತುಂಬ ಗಂಧೆ, ಜ್ವರ, ಕತ್ತಿನ ಗಡ್ಡೆ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆ ದಾಟಿದರೆ, ಏಳು ದಿನ ಮೀರಿ ಹೋದರೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುತ್ತಿದ್ದರೆ ಮನೆಮದ್ದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಮೊದಲು ಇಲ್ಲದ ನೋವು 25 ವರ್ಷ ದಾಟಿದ ಮೇಲೆ ಶುರುವಾದರೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮಲಮೂತ್ರ ಮಾಡುವಾಗ ಅಥವಾ ಸಂಭೋಗದಲ್ಲಿ ನೋವಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇಂಥವು ಇರಬಹುದು. ಮುಟ್ಟು ತಪ್ಪಿ, ಒಂದೇ ಬದಿ ತೀವ್ರ ನೋವು, ತಲೆಸುತ್ತು ಬಂದರೆ ರಾತ್ರಿಯಾದರೂ ಕಾಯಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿರಬಹುದು. ಮುಟ್ಟಿನ ಮುಂಚಿನ ದಿನಗಳಲ್ಲಿ ಬದುಕೇ ಬೇಡ ಅನ್ನಿಸುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ತಾಲ್ಲೂಕು ಆಸ್ಪತ್ರೆಯೋ ಕೋಲಾರದ ಎಸ್‌.ಎನ್‌.ಆರ್‌. ಆಸ್ಪತ್ರೆಯಂಥ ಜಿಲ್ಲಾ ಆಸ್ಪತ್ರೆಯೋ, ಹೋಗುವಾಗ ಎರಡು ತಿಂಗಳ ಕ್ಯಾಲೆಂಡರ್ ಹಾಳೆ, ತಿಂದ ಮಾತ್ರೆಯ ಖಾಲಿ ಪಟ್ಟಿ ಒಯ್ಯಿರಿ. ಹಿಮೋಗ್ಲೋಬಿನ್, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್ ಸಾಮಾನ್ಯವಾಗಿ ಬರೆಯುತ್ತಾರೆ. ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಎಂಡೊಮೆಟ್ರಿಯೋಸಿಸ್ ಇಲ್ಲ ಎಂದಾಗುವುದಿಲ್ಲ. ನೋವು ಉಳಿದರೆ ಮತ್ತೆ ಕೇಳಿ. ಮದುವೆಯಾಗದ ಹುಡುಗಿಯನ್ನು ಸ್ಕ್ಯಾನಿಗೆ ಕರೆದೊಯ್ಯಲು ತಾಯಂದಿರು ಹಿಂಜರಿಯುತ್ತಾರೆ. ಅವರಿಗೆ ಹೊಟ್ಟೆಯ ಮೇಲಿಂದಲೇ ನೋಡುತ್ತಾರೆ, ಒಳಪರೀಕ್ಷೆ ಇರುವುದಿಲ್ಲ. ಒಂದು ಗಂಟೆ ಮೊದಲು ಒಂದು ಲೀಟರಿನಷ್ಟು ನೀರು ಕುಡಿದು, ಮೂತ್ರಕ್ಕೆ ಹೋಗದೆ ಕೂತಿದ್ದರೆ ಗರ್ಭಕೋಶ ಸ್ಪಷ್ಟವಾಗಿ ಕಾಣುತ್ತದೆ.